ಹತ್ತಕ್ಕೆ ಹತ್ತರ ರೂಮಿನಲ್ಲಿ ರೆಕಾರ್ಡಿಂಗ್: ಮೊದಲು ಸಂದು ಮುಚ್ಚಿ, ಫೋಮ್ ಆಮೇಲೆ

ವೀಣೆಯ ನಾದ ಸಣ್ಣದು. ತಂತಿ ಮೀಟಿದ ಮೇಲೆ ಸ್ವರ ನಿಧಾನಕ್ಕೆ ಕರಗುತ್ತದಲ್ವಾ, ಆ ಹೊತ್ತಿನಲ್ಲೇ ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಆ ಟೇಕ್ ಹೋಯಿತು. ನಾನು ವೀಣೆ ಪಾಠ ಹೇಳುವವಳು. ಬೆಂಗಳೂರಿನಲ್ಲಿ 30x40 ಸೈಟಿನ ಮನೆ, ಮೊದಲ ಮಹಡಿಯ ಒಂದು ರೂಮನ್ನು ರೆಕಾರ್ಡಿಂಗಿಗೆ ಅಂತಲೇ ಇಟ್ಟುಕೊಂಡಿದ್ದೇನೆ. ಪಾಠಕ್ಕೆ ಬರುವ ಮಕ್ಕಳು ಮೊದಲು ಕೇಳುವುದು "ಮೇಡಂ, ಗೋಡೆಗೆ ಯಾವ ಫೋಮ್ ಅಂಟಿಸಲಿ?" ಅಂತ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಹೊರಗಿನ ಸದ್ದು ಒಳಗೆ ಬರದಂತೆ ತಡೆಯುವುದು ಒಂದು. ಒಳಗಿನ ಸದ್ದು ಗೋಡೆಗೆ ಬಡಿದು ವಾಪಸ್ ಬರುವುದನ್ನು ಹದಕ್ಕೆ ತರುವುದು ಇನ್ನೊಂದು. ತಡೆಯಲು ಭಾರ ಬೇಕು, ಗಾಳಿಯೂ ನುಸುಳದಷ್ಟು ಬಿಗಿ ಬೇಕು. ಹದ ಮಾಡಲು ಗಾಳಿಯಾಡುವ, ದಪ್ಪನೆಯ ನಾರಿನ ವಸ್ತು ಬೇಕು. ಫೋಮ್ ಹಗುರ. ಅದು ರಸ್ತೆಯ ಹಾರ್ನ್ ತಡೆಯುವುದಿಲ್ಲ. ಮೊಟ್ಟೆ ಟ್ರೇಯಂತೂ ಎರಡು ಕೆಲಸಕ್ಕೂ ಆಗುವುದಿಲ್ಲ, ಬೆಂಕಿ ಬೇರೆ ಬೇಗ ಹಿಡಿಯುತ್ತದೆ. ದಯವಿಟ್ಟು ಅಂಟಿಸಬೇಡಿ.

ಏನನ್ನೂ ಕೊಳ್ಳುವ ಮೊದಲು ರೂಮನ್ನು ಕೇಳಿಸಿಕೊಳ್ಳಿ. ಮೈಕ್ ಇಟ್ಟು, ಗೇನ್ (ಮೈಕಿನ ಸದ್ದನ್ನು ಎಷ್ಟು ಹೆಚ್ಚಿಸಬೇಕು ಅನ್ನುವ ಅಳತೆ) ಬದಲಾಯಿಸದೆ, ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಸುಮ್ನೆ ಒಂದೊಂದು ನಿಮಿಷ ರೆಕಾರ್ಡ್ ಮಾಡಿ. ಹೆಡ್‌ಫೋನ್‌ನಲ್ಲಿ ಕೇಳುತ್ತಾ ಏನು, ಯಾವ ಕಡೆಯಿಂದ ಬರುತ್ತಿದೆ ಅಂತ ಬರೆದುಕೊಳ್ಳಿ. ಮಿಕ್ಸಿ, ಬೈಕ್, ಸಂಪಿನ ಮೋಟರ್, ಮೇಲಿನ ಮನೆಯವರು ಕುರ್ಚಿ ಎಳೆಯುವುದು, ಎಲ್ಲವೂ ಪಟ್ಟಿಯಲ್ಲಿರಲಿ. ಆಡಿಯೋಬುಕ್ ಓದುವವರಿಗೆ ಸಾಮಾನ್ಯವಾಗಿ ಕೇಳುವ ಅಳತೆ ಅಂದರೆ, ಖಾಲಿ ರೂಮಿನ ಸದ್ದು ರೆಕಾರ್ಡಿಂಗ್ ಮೀಟರಿನಲ್ಲಿ ಮೈನಸ್ 60 ಡೆಸಿಬಲ್‌ಗಿಂತ ಕೆಳಗಿರಬೇಕು. ವೀಣೆಗೂ ಅದೇ ಗುರಿ ಇಟ್ಟುಕೊಳ್ಳಿ.

ಈಗ ಸಂದುಗಳ ವಿಷಯ. ಎರಡೂ ಕಡೆ ಪ್ಲಾಸ್ಟರ್ ಆದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಸುಮಾರು 50 ಡೆಸಿಬಲ್ ತಡೆಯುತ್ತದೆ. ಅದೇ ಗೋಡೆಯಲ್ಲಿ ನೂರರಲ್ಲಿ ಒಂದು ಪಾಲು ತೆರೆದಿದ್ದರೆ ಸಾಕು, ತಡೆಯುವುದು 20ಕ್ಕೆ ಇಳಿಯುತ್ತದೆ. ಅಂದರೆ ನಮ್ಮ ಮನೆಗಳ ಗೋಡೆಯಲ್ಲಿ ತೊಂದರೆಯಿಲ್ಲ. ತೊಂದರೆ ಇರುವುದು ಕಿಟಕಿ, ಬಾಗಿಲು, ವೆಂಟಿಲೇಟರ್, ಎಸಿ ಪೈಪಿನ ತೂತು ಇವುಗಳಲ್ಲಿ. ಫ್ಯಾನ್ ಆರಿಸಿ ಒಂದು ಊದುಬತ್ತಿ ಹಚ್ಚಿ, ಚೌಕಟ್ಟಿನ ಅಂಚಿನುದ್ದಕ್ಕೂ ನಿಧಾನವಾಗಿ ಹಿಡಿದುಕೊಂಡು ಹೋಗಿ. ಹೊಗೆ ಎಲ್ಲಿ ಅಲುಗುತ್ತದೋ ಅಲ್ಲಿ ಸದ್ದಿಗೂ ದಾರಿಯಿದೆ.

ಸ್ಲೈಡಿಂಗ್ ಅಲ್ಯೂಮಿನಿಯಂ ಕಿಟಕಿ ಇದ್ದರೆ ಮೊದಲ ಖರ್ಚು ಅದಕ್ಕೇ ಇರಲಿ. ಅದು ಜಾರಬೇಕಾದರೆ ಸಂದು ಇರಲೇಬೇಕು, ಹಾಗಾಗಿ ಎಷ್ಟು ಸೀಲ್ ಮಾಡಿದರೂ ಅಷ್ಟಕ್ಕಷ್ಟೇ. ಅದನ್ನು ಹಾಗೇ ಬಿಟ್ಟು ಒಳಗಡೆ ಇನ್ನೊಂದು ಕಿಟಕಿ ಕೂರಿಸಿ. ರಬ್ಬರ್ ಗ್ಯಾಸ್ಕೆಟ್ ಇರುವ, ಬಾಗಿಲಿನ ಹಾಗೆ ತೆರೆಯುವ ಕಿಟಕಿ. ಎರಡು ಗಾಜಿನ ನಡುವೆ ನಾಲ್ಕು ಇಂಚಾದರೂ ಜಾಗ ಬಿಡಿ. ಹೊರಗಿನದು 5 ಮಿಲಿಮೀಟರ್ ಇದ್ದರೆ ಒಳಗಿನದು 8 ಇರಲಿ. ಎರಡೂ ಒಂದೇ ದಪ್ಪ ಇದ್ದರೆ ಎರಡೂ ಒಂದೇ ಸ್ವರಕ್ಕೆ ಸೋಲುತ್ತವೆ. ಬಾಡಿಗೆ ಮನೆಯಾದರೆ ಪ್ಲೈವುಡ್ ಹಲಗೆಗೆ ಕಲ್ಲಿನ ನಾರಿನಿಂದ ಮಾಡಿದ ರಾಕ್‌ವೂಲ್ ಕಟ್ಟಿ, ಅಂಚಿಗೆ ರಬ್ಬರ್ ಹಾಕಿ, ಕಿಟಕಿಯೊಳಗೆ ಬಿಗಿಯಾಗಿ ಕೂರುವ ಮುಚ್ಚಳ ಮಾಡಿಸಿ. ರೆಕಾರ್ಡಿಂಗ್ ಮುಗಿದ ಮೇಲೆ ತೆಗೆದಿಡಬಹುದು.

ಬಾಗಿಲಿನ ಮೇಲೆ ಬೆರಳಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಗಟ್ಟಿ ಬಾಗಿಲು ಹಾಕಿಸಿ, ಇಲ್ಲವೇ ಇರುವುದರ ಮೇಲೆ 12 ಮಿಲಿಮೀಟರ್ ಪ್ಲೈ ಅಂಟಿಸಿ ಸ್ಕ್ರೂ ಹೊಡೆಸಿ. ಭಾರ ಹೆಚ್ಚಾಗುವುದರಿಂದ ಬಡಗಿಗೆ ಒಂದು ಕೀಲು ಜಾಸ್ತಿ ಹಾಕಲು ಹೇಳಿ. ಹಳೆಯ ಮನೆಗಳಲ್ಲಿ ಒಳಬಾಗಿಲಿಗೂ ಹೊಸ್ತಿಲು ಇರುತ್ತಿತ್ತು. ಈಗ ತೆಗೆದುಬಿಟ್ಟಿದ್ದಾರೆ, ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದು ಇರುತ್ತದೆ. ರೆಕಾರ್ಡಿಂಗ್ ರೂಮಿಗೆ ಆ ಹೊಸ್ತಿಲನ್ನು ವಾಪಸ್ ಕೂರಿಸಿ, ಅದಕ್ಕೊಂದು ರಬ್ಬರ್ ಪಟ್ಟಿ ಅಂಟಿಸಿ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಲಾಭ ಕೊಡುವ ಕೆಲಸ ಇನ್ನೊಂದಿಲ್ಲ ಅಂತ ನನಗೆ ಅನ್ನಿಸುತ್ತದೆ.

ರೂಮಿನೊಳಗೆ ಇನ್ನೊಂದು ರೂಮು ಕಟ್ಟುವುದು ಮುಂದಿನ ಹೆಜ್ಜೆ. ಹಳೇ ಗೋಡೆಗೆ ಎಲ್ಲೂ ತಾಗದ ಲೋಹದ ಫ್ರೇಮ್, ಅದರೊಳಗೆ ರಾಕ್‌ವೂಲ್, ಮೇಲೆ 12.5 ಮಿಲಿಮೀಟರ್ ಜಿಪ್ಸಮ್ ಬೋರ್ಡ್ ಎರಡು ಪದರ, ಜಾಯಿಂಟ್ ಒಂದರ ಮೇಲೊಂದು ಬರದ ಹಾಗೆ. ಒಂದೇ ಒಂದು ಸ್ಕ್ರೂ ಹಳೇ ಗೋಡೆಗೆ ಹೋದರೂ ಸದ್ದು ಅದರ ಮೂಲಕವೇ ದಾಟುತ್ತದೆ. ಮಹಡಿಯ ಮೇಲೆ ಇಟ್ಟಿಗೆಯ ಒಳಗೋಡೆ ಮಾತ್ರ ಎಂಜಿನಿಯರ್ ಕೇಳದೆ ಕಟ್ಟಿಸಬೇಡಿ. ನಾಲ್ಕೂವರೆ ಇಂಚಿನ ಗೋಡೆಯೂ ಚದರ ಮೀಟರಿಗೆ 200 ಕಿಲೋಗಿಂತ ಜಾಸ್ತಿ ತೂಗುತ್ತದೆ. ಮೋಟರ್ ಸದ್ದಿಗೆ ಗೋಡೆಯಲ್ಲಿ ಉತ್ತರ ಹುಡುಕಬೇಡಿ, ಮೋಟರ್ ಕೆಳಗೆ ರಬ್ಬರ್ ಪ್ಯಾಡ್ ಇಡಿ. ಪಕ್ಕದ ಮನೆಯವರ ಜೊತೆ ಮಾತಾಡಿ. ಅವರ ಅಡುಗೆ ಹೊತ್ತು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮವೇ ಇದೆ. ಬೆಳಗಿನ ಜಾವ ನಮ್ಮದು.

ಇನ್ನು ಒಳಗಿನ ಹದ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರ. ಬೆಂಗಳೂರಿನ ಮನೆಗಳಲ್ಲಿ ತುಂಬಾ ಕಾಣುವ ಈ ಅಳತೆ ರೆಕಾರ್ಡಿಂಗಿಗೆ ಅತಿ ಕೆಟ್ಟದ್ದು. ಮೂರೂ ದಿಕ್ಕಿನಲ್ಲಿ ಗಾಳಿ ಒಂದೇ ಸ್ವರಕ್ಕೆ, ಸುಮಾರು 56 ಹರ್ಟ್ಸ್‌ಗೆ, ಗುಂಯ್‌ಗುಡುತ್ತದೆ. ಆಮೇಲೆ ಅದರ ಎರಡರಷ್ಟು, 113ರ ಹತ್ತಿರ. ಗಂಡಸರ ದನಿ ಅಲ್ಲೇ ಇರುವುದರಿಂದ ಡಬ್ಬದೊಳಗೆ ಮಾತಾಡಿದ ಹಾಗೆ ಕೇಳಿಸುತ್ತದೆ. ಆಯ್ಕೆ ಇದ್ದರೆ ಉದ್ದ ಅಗಲ ಬೇರೆ ಬೇರೆ ಇರುವ ರೂಮು ತಗೊಳ್ಳಿ. ಇಲ್ಲದಿದ್ದರೆ ಮೂಲೆಗಳಿಗೆ ನೆಲದಿಂದ ಮೇಲಿನವರೆಗೆ ದಪ್ಪ ರಾಕ್‌ವೂಲ್ ನಿಲ್ಲಿಸಿ.

ಸದ್ದು ಹೀರುವ ಪ್ಯಾನೆಲ್ ಮನೆಯಲ್ಲೇ ಮಾಡಬಹುದು. ಎರಡಡಿಗೆ ನಾಲ್ಕಡಿಯ ಮರದ ಚೌಕಟ್ಟು, ಒಳಗೆ ನಾಲ್ಕು ಇಂಚು ದಪ್ಪದ, 48 ಡೆನ್ಸಿಟಿಯ (ಘನ ಮೀಟರಿಗೆ 48 ಕಿಲೋ ತೂಗುವ) ರಾಕ್‌ವೂಲ್, ಮೇಲೆ ಖಾದಿ ಬಟ್ಟೆ. ಬಟ್ಟೆಗೆ ಬಾಯಿಟ್ಟು ಊದಿದರೆ ಉಸಿರು ಆಚೆ ಹೋಗಬೇಕು. ಗೋಡೆಯಿಂದ ನಾಲ್ಕು ಇಂಚು ದೂರ ನಿಲ್ಲಿಸಿದರೆ ಇನ್ನೂ ಕೆಳಗಿನ ಸ್ವರಗಳನ್ನೂ ಹಿಡಿಯುತ್ತದೆ. ರಾಕ್‌ವೂಲ್ ಕತ್ತರಿಸುವಾಗ ಮಾಸ್ಕ್, ಗ್ಲೌಸ್, ತುಂಬು ತೋಳಿನ ಅಂಗಿ ಬೇಕೇ ಬೇಕು. ದುಡ್ಡಿಲ್ಲ ಅನ್ನುವವರು ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಡಿ, ಕೌದಿಗಳನ್ನು ಗೋಡೆಗೆ ತಾಗದ ಹಾಗೆ ಎರಡು ಮಡಿಕೆ ಮಾಡಿ ನೇತುಹಾಕಿ. ಹಳೇ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಮೇಲಿನ ಸ್ವರಗಳನ್ನು ಚೆನ್ನಾಗಿ ಹೀರುತ್ತದೆ. ಕೆಳಗಿನ ಗುಂಯ್ ಅದಕ್ಕೆ ಬಗ್ಗುವುದಿಲ್ಲ.

ಪ್ಯಾನೆಲ್‌ಗಳನ್ನು ಕುರ್ಚಿಯಲ್ಲಿ ಕೂತವರ ಕಿವಿಯ ಎತ್ತರಕ್ಕೆ ಹಾಕಿ ಅಂತ ಎಲ್ಲ ಕಡೆ ಹೇಳುತ್ತಾರೆ. ನಾವು ಕೂರುವುದು ನೆಲದ ಮೇಲೆ. ವೀಣೆಯ ಕೊಡ ನೆಲಕ್ಕೆ ತಾಗಿರುತ್ತದೆ, ಮೈಕೂ ಕೆಳಗೇ ಇರುತ್ತದೆ. ಹಾಗಾಗಿ ನಮ್ಮ ಪ್ಯಾನೆಲ್ ನೆಲದಿಂದಲೇ ಶುರುವಾಗಬೇಕು. ಹೊಳೆಯುವ ಟೈಲ್ಸ್ ನೆಲ ನಮಗೆ ಅತಿ ಹತ್ತಿರದ ಗೋಡೆ ಇದ್ದ ಹಾಗೆ, ಅದರ ಮೇಲೆ ದಪ್ಪ ಜಮಖಾನ ಎರಡು ಪದರ ಹಾಸಿ. ನೀವು ಕೂತ ಜಾಗದಿಂದ ನೋಡುತ್ತಿರುವಾಗ ಇನ್ನೊಬ್ಬರು ಗೋಡೆಯ ಮೇಲೆ ಕನ್ನಡಿ ಸರಿಸುತ್ತಾ ಹೋಗಲಿ. ಕನ್ನಡಿಯಲ್ಲಿ ಮೈಕ್ ಕಂಡ ಜಾಗಕ್ಕೆ ಪ್ಯಾನೆಲ್ ಬರಬೇಕು. ಮೈಕ್ ಸ್ಟ್ಯಾಂಡ್ ಬೇರೊಂದು ಮ್ಯಾಟ್ ಮೇಲೆ ನಿಲ್ಲಲಿ, ಇಲ್ಲದಿದ್ದರೆ ತೊಡೆಯ ಮೇಲೆ ಹಾಕುವ ತಾಳವೂ ನೆಲದ ಮೂಲಕ ಮೈಕಿಗೆ ಹೋಗುತ್ತದೆ. ಹಾಗಂತ ಎಲ್ಲ ಗೋಡೆಗೂ ತುಂಬಿಸಬೇಡಿ. ವೀಣೆಗೆ ಸ್ವಲ್ಪ ಜೀವಂತ ರೂಮು, ಅಂದರೆ ಸದ್ದು ಸ್ವಲ್ಪ ವಾಪಸ್ ಬರುವ ರೂಮು ಬೇಕು, ಪೂರ್ತಿ ಸತ್ತ ರೂಮಿನಲ್ಲಿ ಗಮಕ ಒಣಗಿದಂತಾಗುತ್ತದೆ.

ಬಿಗಿ ಮಾಡಿದ ರೂಮಿಗೆ ಗಾಳಿ ಬೇಕು. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡುತ್ತದೆ, ಹೊಸ ಗಾಳಿ ತರುವುದಿಲ್ಲ. ಒಳಗೆಲ್ಲ ರಾಕ್‌ವೂಲ್ ಮತ್ತು ಬಟ್ಟೆ ಹೊದಿಸಿದ, ಎರಡು ತಿರುವು ಇರುವ ಮರದ ಡಕ್ಟ್ ಒಂದು ಗಾಳಿ ಬರಲು, ಒಂದು ಹೋಗಲು ಮಾಡಿಸಿ. ಆಗುವವರೆಗೆ ಟೇಕ್‌ಗಳ ನಡುವೆ ಬಾಗಿಲು ತೆರೆಯಿರಿ. ಎಸಿಯನ್ನು ಮೊದಲೇ ಹಾಕಿ, ಟೇಕ್ ಶುರುವಾಗುವಾಗ ಫ್ಯಾನ್ ಜೊತೆ ಅದನ್ನೂ ಆರಿಸಿ. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್ (ಮಾಮೂಲಿ ಕರೆಂಟಿನ ಹಾಗೆ ನಯವಾದ ಅಲೆ ಕೊಡದ ಇನ್ವರ್ಟರ್) ಮೇಲೆ ರೆಕಾರ್ಡ್ ಮಾಡಬೇಡಿ. ಅದರ ಝುಂಯ್ ತಂತಿಯೊಳಗೇ ಬರುತ್ತದೆ, ಯಾವ ಗೋಡೆಯೂ ಅದನ್ನು ತಡೆಯುವುದಿಲ್ಲ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ.