ಲೈನ್ ಬಾಕ್ಸಿನ ಬೆಣೆ

ರೈಲು ಇಂಜಿನಿಗೆ ಅಸಿಸ್ಟೆಂಟ್ ಆಗಿ ಡ್ಯೂಟಿಗೆ ಹತ್ತಿದ ಮೊದಲ ವಾರ, ನನ್ನ ಮೇಲಿನ ಲೋಕೋ ಪೈಲಟ್ ಒಬ್ಬರು ಬೆರಳುದ್ದದ ಎರಡು ಮರದ ಬೆಣೆ ಕೈಗಿಟ್ಟು, ಡ್ಯೂಟಿಗೆ ಒಯ್ಯುವ ನನ್ನ ಲೈನ್ ಬಾಕ್ಸ್ ತೋರಿಸಿ, "ಬಾಕ್ಸಲ್ಲಿ ಹಾಕ್ಕೋ ತಮ್ಮಾ. ಊಟದ ಡಬ್ಬಿ ಮರೆತರೂ ಇದನ್ನ ಮರೀಬೇಡ" ಅಂದರು. ಹಳೇ ಇಂಜಿನ್‌ನಲ್ಲಿ ಕ್ಯೂ-118ನಂಥ ರಿಲೇ (ಕರೆಂಟಿನಿಂದ ಎಳೆದುಕೊಳ್ಳುವ ಸ್ವಿಚ್ಚು) ಒಂದು ಎಳೆದುಕೊಳ್ಳದೆ ಕೂತರೆ ಡಿಜೆ, ಅಂದರೆ ಇಂಜಿನಿನ ಮುಖ್ಯ ಬ್ರೇಕರ್, ಹಿಡಿದು ನಿಲ್ಲುವುದಿಲ್ಲ, ಬಿಟ್ಟುಕೊಳ್ಳುತ್ತದೆ. ಡಿಜೆ ನಿಲ್ಲದಿದ್ದರೆ ಮೇಲಿನ ತಂತಿಯ 25 ಸಾವಿರ ವೋಲ್ಟ್ ಇದ್ದೂ ಇಲ್ಲದ ಹಾಗೆ. ಆಗ ಟಿಎಸ್‌ಡಿ ಅನ್ನುವ, ಕೆಟ್ಟದ್ದನ್ನು ಹುಡುಕುವ ಕ್ರಮದ ಪುಸ್ತಕದಲ್ಲಿ ಹೇಳಿದ್ದನ್ನೆಲ್ಲ ನೋಡಿ ಮುಗಿಸಿ, ಕೊನೆಗೆ ರಿಲೇ ಒತ್ತಿಹಿಡಿದು ಬೆಣೆ ಸಿಕ್ಕಿಸಿ, ಲಾಗ್‌ಬುಕ್ಕಿನಲ್ಲಿ ಬರೆದು ಹೊರಡಬೇಕು. ಕೋಟ್ಯಂತರ ರೂಪಾಯಿಯ ಇಂಜಿನ್, ನಾಲ್ಕಾಣೆಯ ಕಟ್ಟಿಗೆ.

ಬೆಂಗಳೂರು–ಜೋಲಾರಪೇಟೆ–ಚೆನ್ನೈ ದಾರಿಯಲ್ಲಿ ಎರಡೂ ಕಾಲದ ಇಂಜಿನ್ ಓಡಿಸಿದ್ದೇನೆ. ನಾವು ಕನ್ವೆನ್ಷನಲ್ ಅನ್ನುವ ಹಳೇ ಡಬ್ಲ್ಯೂಎಪಿ-4, ತ್ರೀ ಫೇಸ್ ಅನ್ನುವ ಹೊಸ ಡಬ್ಲ್ಯೂಎಪಿ-7. ಡ್ಯೂಟಿ ನಡುವೆ ನಾವು ತಂಗುವ ರನ್ನಿಂಗ್ ರೂಮಿನಲ್ಲಿ ಯಾರಾದರೂ "ಯಾವುದು ಗಟ್ಟಿ ಸಾರ್?" ಅಂತ ಕೇಳಿದರೆ ವಯಸ್ಸಾದವರೆಲ್ಲ ಒಂದೇ ಸಮ ಡಬ್ಲ್ಯೂಎಪಿ-4 ಅನ್ನುತ್ತಾರೆ. ನಾನೂ ಬಹಳ ದಿನ ಹಾಗೇ ಅಂದೆ. ಅದು ಸುಳ್ಳು. ಗಟ್ಟಿ ಹೊಸದೇ. ಹಳೆಯದರಲ್ಲಿ ನಮಗೆ ಕೆಲಸ ಇತ್ತು, ಕೆಲಸ ಬಲ್ಲವನಿಗೆ ಮರ್ಯಾದೆ ಇತ್ತು, ಅಷ್ಟೆ.

ಆ ಮರ್ಯಾದೆ ಎಂಥದ್ದು ಅಂತ ಒಂದು ಮಳೆ ರಾತ್ರಿಯ ಲೆಕ್ಕದಲ್ಲಿ ಹೇಳುತ್ತೇನೆ. ಬೆಂಗಳೂರು ಕಡೆಗೆ ಬರುತ್ತಿದ್ದೆವು. ಜೋಲಾರಪೇಟೆ ಬಿಟ್ಟ ಮೇಲೆ ಸೋಮನಾಯಕನಪಟ್ಟಿ, ಪಾಚೂರು ಅಂತ ಕುಪ್ಪಂವರೆಗೆ ಏರು. ಹಿಂದೆ ತುಂಬಿದ ಗಾಡಿ. ಏರಿನ ನಡುವೆ ಟಪ್ ಅಂತ ಡಿಜೆ ಟ್ರಿಪ್. ಬ್ಲೋವರ್‌ಗಳ ಸದ್ದು ಇಳಿಯುತ್ತಾ ಹೋಗಿ, ಛಾವಣಿ ಮೇಲೆ ಮಳೆ ಬೀಳುವುದು ಕೇಳಿಸತೊಡಗಿತು. ಟಾರ್ಚ್ ಹಿಡಿದು ರಿಲೇ ಪ್ಯಾನಲ್ ನೋಡಿದರೆ ಕ್ಯೂಓಪಿ-1 ರಿಲೇಯ ಕೆಂಪು ಗುರುತು, ಟಾರ್ಗೆಟ್, ಬಿದ್ದಿದೆ. ಅಂದರೆ ಮುಂದಿನ ಬೋಗಿಯ (ನಮ್ಮ ಭಾಷೆಯಲ್ಲಿ ಬೋಗಿ ಅಂದರೆ ಡಬ್ಬಿ ಅಲ್ಲ, ಇಂಜಿನ್ ಅಡಿಯ ಗಾಲಿಗಳ ಚೌಕಟ್ಟು) ಮೂರು ಮೋಟಾರ್‌ಗಳ ಸರ್ಕ್ಯೂಟಿನಲ್ಲಿ ಎಲ್ಲೋ ಅರ್ತ್, ಕರೆಂಟ್ ಸೋರಿಕೆ. ಹೊಗೆ, ವಾಸನೆ ಏನಿಲ್ಲ ಅಂತ ನೋಡಿಕೊಂಡು ರಿಸೆಟ್ ಮಾಡಿದೆ. "ನಾಚ್ ಕೊಡ್ತೀನಿ, ನೋಡ್ಕೋ" ಅಂತ ಕ್ಯಾಬಿನಿಂದ ಲೋಕೋ ಪೈಲಟ್ ಕೂಗಿದರು. ಟಕ್, ಟಕ್, ಟಕ್ ಅಂತ, ಮೋಟಾರಿನ ವೋಲ್ಟೇಜನ್ನು ಹಂತಹಂತವಾಗಿ ಏರಿಸುವ ಟ್ಯಾಪ್ ಚೇಂಜರ್ ಏರಿತು, ಮತ್ತೆ ಟ್ರಿಪ್. ಆಮೇಲೆ ಎಚ್‌ಎಂಸಿಎಸ್ ಸ್ವಿಚ್ ತಿರುಗಿಸಿ ಒಂದೊಂದೇ ಮೋಟಾರ್ ಬಿಡಿಸುತ್ತಾ ಬಂದೆವು. ಎರಡನೇ ಮೋಟಾರ್ ಬಿಡಿಸಿದಾಗ ಡಿಜೆ ಟ್ರಿಪ್ ಆಗದೆ ನಿಂತಿತು. ನೀರು ಕುಡಿದಿದ್ದದ್ದು ಅದೇ. ಉಳಿದ ಐದು ಮೋಟಾರ್, ಒದ್ದೆ ಹಳಿ, ಗಾಲಿ ಜಾರಿದಾಗೆಲ್ಲ ಮರಳು. ತೆವಳಿಕೊಂಡು ಕುಪ್ಪಂ ಹತ್ತಿಸಿದೆವು. ಇಳಿದ ಮೇಲೆ ಅವರು ನನಗೆ ಚಹಾ ಕೊಡಿಸಿದರು. ಅಸಿಸ್ಟೆಂಟ್‌ಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ಆದರೆ ತಣ್ಣಗೆ ಕೂತು ಯೋಚಿಸಿದರೆ, ಆ ಫೇಲ್ಯೂರ್ ಆಗಬೇಕಾದದ್ದೇ ಅಲ್ಲ. ಡಬ್ಲ್ಯೂಎಪಿ-4ರ ಮೋಟಾರ್ ಡಿಸಿ. ಅದರಲ್ಲಿ ಕಾರ್ಬನ್ ಬ್ರಷ್, ಅದು ಉಜ್ಜಿಕೊಂಡು ಕರೆಂಟ್ ಕೊಡುವ ಕಮ್ಯುಟೇಟರ್ ಇವೆ. ಅವು ಸವೆಯುತ್ತವೆ, ಕಾರ್ಬನ್ ಪುಡಿ ಕೂರುತ್ತದೆ, ಆ ಪುಡಿಗೆ ತೇವ ಸೇರಿದರೆ ಕಥೆ ಮುಗಿಯಿತು. ವೇಗ ಹೆಚ್ಚಿಸಬೇಕಾದರೆ 32 ಹಂತದ ಟ್ಯಾಪ್ ಚೇಂಜರ್ ಎಣ್ಣೆಯೊಳಗೆ ಗಾಳಿಯೊತ್ತಡದಲ್ಲಿ ತಿರುಗಬೇಕು. ಅದು ನಡುವೆ ಸಿಕ್ಕಿಕೊಂಡರೆ ಅಸಿಸ್ಟೆಂಟ್ ಒಳಗೆ ನಿಂತು ಕೈಯಿಂದ ತಿರುಗಿಸಿಕೊಂಡು ಬರಬೇಕು. ಬ್ಲೋವರ್, ಕಂಪ್ರೆಸರ್‌ಗೆ ಕರೆಂಟ್ ಕೊಡಲು ಅರ್ನೋ ಅನ್ನುವ ತಿರುಗುವ ಯಂತ್ರ ಇನ್ನೊಂದು (ಆಮೇಲಿನವುಗಳಲ್ಲಿ ಅದರ ಜಾಗಕ್ಕೆ ಸ್ಟಾಟಿಕ್ ಕನ್ವರ್ಟರ್ ಬಂತು). ಇಷ್ಟು ಸವೆಯುವ ಭಾಗ ಇಟ್ಟುಕೊಂಡು ಅದು ಅಷ್ಟು ಓಡಿದ್ದೇ ಶೆಡ್ಡಿನವರ ಪುಣ್ಯ.

ತ್ರೀ ಫೇಸ್‌ನಲ್ಲಿ ಇವು ಯಾವುವೂ ಇಲ್ಲ. ಮೋಟಾರಿಗೆ ಬ್ರಷ್ಷೇ ಇಲ್ಲ, ಟ್ಯಾಪ್ ಚೇಂಜರ್ ಇಲ್ಲ. ಆಕ್ಸಿಲರಿಗೆ, ಅಂದರೆ ಬ್ಲೋವರ್, ಕಂಪ್ರೆಸರ್‌ನಂಥವಕ್ಕೆ, ಮೂರು ಕನ್ವರ್ಟರ್. ಒಂದು ಸತ್ತರೆ ಉಳಿದೆರಡು ತಾವೇ ಹೊರೆ ಹಂಚಿಕೊಳ್ಳುತ್ತವೆ, ನಮಗೆ ಸ್ಕ್ರೀನಿನಲ್ಲಿ ಒಂದು ಸಾಲು ಬರುತ್ತದೆ ಅಷ್ಟೆ. ಡಬ್ಲ್ಯೂಎಪಿ-4ರಲ್ಲಿ 5,050 ಅಶ್ವಶಕ್ತಿ ಇದ್ದದ್ದು ಇದರಲ್ಲಿ 6,120 ಆಯಿತು, ಆಮೇಲೆ 6,350. ಗಾಲಿ ಜಾರುವ ಮೊದಲೇ ಕಂಪ್ಯೂಟರ್ ಹಿಡಿದುಕೊಳ್ಳುತ್ತದೆ. ಕುಪ್ಪಂನಿಂದ ಕೆಳಗಿಳಿಯುವಾಗ ಮೋಟಾರೇ ಬ್ರೇಕ್ ಆಗಿ ಕರೆಂಟನ್ನು ತಂತಿಗೆ ವಾಪಸ್ ಕಳಿಸುತ್ತದೆ. ಕಾದ ಬ್ರೇಕ್ ಬ್ಲಾಕಿನ ವಾಸನೆ ಮೂಗಿಗೆ ಹತ್ತಿಸಿಕೊಂಡು ಜೋಲಾರಪೇಟೆಯಲ್ಲಿ ಇಳಿದದ್ದು ಈಗಿನ ಹುಡುಗರಿಗೆ ಗೊತ್ತಿಲ್ಲ.

ಇನ್ನೊಂದು ತಮಾಷೆ. 1957ರ ಸುಮಾರಿಗೆ ಭಾರತ ಫ್ರಾನ್ಸಿನವರ 25 ಕಿಲೋವೋಲ್ಟ್ ಪದ್ಧತಿ ಆರಿಸಿಕೊಂಡಿತಲ್ಲ, ಹಾಗಾಗಿ ಹಳೇ ಇಂಜಿನಿನ ಹೆಸರುಗಳಲ್ಲಿ ಹಲವು ಫ್ರೆಂಚ್. ಡಿಜೆ ಅಂದರೆ ದಿಸ್‌ಜೋಂಕ್ತರ್, ಬ್ರೇಕರ್. ಹೊಸದು 1990ರ ದಶಕದಲ್ಲಿ ಎಬಿಬಿಯಿಂದ ಬಂದ ತಂತ್ರಜ್ಞಾನ, ಅದರ ಹೆಸರುಗಳಲ್ಲಿ ಹಲವು ಜರ್ಮನ್. ಎಸ್‌ಆರ್ ಅಂದರೆ ಷ್ಟ್ರೋಮ್‌ರಿಷ್ಟರ್, ಕನ್ವರ್ಟರ್. ಅರಸೀಕೆರೆ ಕಡೆಯ ನನ್ನಂಥವನು ಎರಡೂ ಭಾಷೆಯ ಬೈಗುಳ ಕಲಿಯದೆ, ಎರಡೂ ಭಾಷೆಯ ಕಾಯಿಲೆ ಕಲಿತೆ.

ಹೊಸದು ಕೈಕೊಡುವುದು ಕಡಿಮೆ, ಕೈಕೊಟ್ಟರೆ ಮಾತ್ರ ದೊಡ್ಡದಾಗಿ ಕೊಡುತ್ತದೆ. ಹಳೆಯದರಲ್ಲಿ ಒಂದು ಮೋಟಾರ್ ಹೋದರೆ ಹೋಗುವುದು ಆರರಲ್ಲಿ ಒಂದು. ನಾನು ಓಡಿಸಿದ ಡಬ್ಲ್ಯೂಎಪಿ-7ಗಳಲ್ಲಿ ಒಂದು ಬೋಗಿಯ ಮೂರು ಮೋಟಾರಿಗೂ ಒಂದೇ ಕನ್ವರ್ಟರ್. ಅದು ಕೂತರೆ ಅರ್ಧ ಇಂಜಿನ್ನೇ ಇಲ್ಲ. ಬಯಲಲ್ಲಾದರೆ ಹೇಗೋ ಎಳೆದುಕೊಂಡು ಹೋಗಬಹುದು, ಏರಿನಲ್ಲಿ ಆಗುವುದಿಲ್ಲ. (ಈಗ ಹಲವು ಗಾಡಿಗಳಲ್ಲಿ ಎಸಿ ಡಬ್ಬಿಗಳಿಗೆ ಕರೆಂಟೂ ಇಂಜಿನಿಂದಲೇ. ಆ ಹೋಟೆಲ್ ಲೋಡ್ ಕನ್ವರ್ಟರ್ ನಿಂತರೆ ಗಾಡಿ ಟೈಮಿಗೆ ಸರಿಯಾಗಿ ಓಡುತ್ತಿದ್ದರೂ ಪ್ರಯಾಣಿಕರ ಪಾಲಿಗೆ ಇಂಜಿನ್ ಕೆಟ್ಟ ಹಾಗೇ. ಅವರದ್ದೂ ತಪ್ಪಲ್ಲ.)

ಅದೇ ಏರು, ಈ ಸಲ ಡಬ್ಲ್ಯೂಎಪಿ-7, ಹಾಡುಹಗಲು, ಬಿಸಿಲು. ಕೆಂಪು ಫಾಲ್ಟ್ ದೀಪ ಹತ್ತಿತು. ಸ್ಕ್ರೀನಿನಲ್ಲಿ ಎರಡನೇ ಬೋಗಿ ಐಸೋಲೇಟ್, ಅಂದರೆ ಕೆಲಸದಿಂದ ಹೊರಗೆ. ಹಳದಿ ಗುಂಡಿ ಒತ್ತಿ ಒಪ್ಪಿಕೊಂಡೆ. ವೇಗ ಬೀಳುತ್ತಾ ಬಂದು ಕೊನೆಗೆ ಗಾಡಿ ನಿಂತಿತು. ಕಂಟ್ರೋಲಿಗೆ ಫೋನ್ ಮಾಡಿದರೆ, "ಒಂದ್ಸಲ ಎಲೆಕ್ಟ್ರಾನಿಕ್ಸ್ ಆಫ್ ಮಾಡಿ ಆನ್ ಮಾಡಿ ಸಾರ್." ಬ್ರೇಕರ್ ತೆಗೆದು, ಮೇಲಿನ ತಂತಿ ಮುಟ್ಟುವ ಪ್ಯಾಂಟೋ ಇಳಿಸಿ, ಕೀ ತಿರುಗಿಸಿ, ಮತ್ತೆ ಹಾಕಿ ಕಾದೆವು. ನನ್ನ ಅಸಿಸ್ಟೆಂಟ್ ಹುಡುಗ ಕೈಕಟ್ಟಿ ನಿಂತಿದ್ದ. ಮಾಡಲು ಅವನಿಗೇನಿತ್ತು? ಸ್ಕ್ರೀನ್ ತನ್ನ ಪರೀಕ್ಷೆ ತಾನು ಮುಗಿಸಿತು, ಬೋಗಿ ಬಂತು, ಹೊರಟೆವು. ಯಾಕೆ ಹೋಯಿತು, ಯಾಕೆ ಬಂತು, ಇಬ್ಬರಿಗೂ ತಿಳಿಯಲಿಲ್ಲ. ಆ ದಿನ ನನಗಾದ ಸಿಟ್ಟು ಮಳೆ ರಾತ್ರಿಯಲ್ಲೂ ಆಗಿರಲಿಲ್ಲ.

ಶೆಡ್ಡಿನಲ್ಲಿ ಲ್ಯಾಪ್‌ಟಾಪ್ ಹಚ್ಚಿ ಡೇಟಾ ಇಳಿಸಿಕೊಂಡರು. ಯಾವ ಕ್ಷಣದಲ್ಲಿ, ಎಷ್ಟು ವೇಗದಲ್ಲಿ, ಎಲ್ಲ ಇತ್ತು. ಐದನೇ ಮೋಟಾರಿನ ಸ್ಪೀಡ್ ಸೆನ್ಸರ್ ಸಿಗ್ನಲ್ ಕಡಿದಿದೆ. ನೋಡಿದರೆ ಸೆನ್ಸರ್ ಸರಿಯಿದೆ. ಆದರೂ ಬದಲಾಯಿಸಿ ಬಿಟ್ಟರು. ಕೆಲವು ದಿನದ ಮೇಲೆ ಅದೇ ಇಂಜಿನ್ ನನಗೇ ಸಿಕ್ಕಿತು, ಅದೇ ಫಾಲ್ಟ್. ಮತ್ತೆ ಶೆಡ್ಡು, ಮತ್ತೆ ಸರಿಯಿದೆ.

ಮೂರನೇ ಸಲ ಫಾಲ್ಟ್ ಬಂದಾಗ ನಾನು ಸ್ಕ್ರೀನ್ ಬಿಟ್ಟು ಕಿಟಕಿ ಕಡೆ ನೋಡಿದೆ. ಗಾಡಿ ಎಡಕ್ಕೆ ತಿರುಗುತ್ತಿತ್ತು. ಹಿಂದಿನ ಎರಡು ಸಲವೂ ಎಲ್ಲಿ ಅಂತ ನೆನಪಿಸಿಕೊಂಡರೆ ಅವೂ ಎಡತಿರುವೇ. ಲಾಗ್‌ಬುಕ್ಕಿನಲ್ಲಿ ಫಾಲ್ಟ್ ಮೆಸೇಜಿನ ಕೆಳಗೆ ಕಿಲೋಮೀಟರ್ ಕಂಬದ ನಂಬರ್ ಹಾಕಿ, "ಎಡತಿರುವಿನಲ್ಲಿ ಮಾತ್ರ ಬರುತ್ತದೆ, ನೇರ ಹಳಿಯಲ್ಲಿ ಇಲ್ಲ" ಅಂತ ಬರೆದೆ. ಅದನ್ನು ಓದಿ ಶೆಡ್ಡಿನವರು ಹುಡುಕಿದರೆ, ಬೋಗಿ ತಿರುಗಿದಾಗ ಎಳೆದುಕೊಳ್ಳುವ ಜಾಗದಲ್ಲಿ ಕೇಬಲ್ ಒಂದು ತನ್ನನ್ನು ಹಿಡಿದಿಡುವ ಕ್ಲೀಟಿಗೆ ಉಜ್ಜಿ ಒಳಗಿನ ತಂತಿ ಕಡಿದಿತ್ತಂತೆ. ಇಂಜಿನ್ ನೇರ ನಿಂತಾಗ ಎರಡು ತುದಿಯೂ ಕೂಡಿಕೊಳ್ಳುತ್ತಿದ್ದವು. ಶೆಡ್ಡಿನ ಹಳಿ ನೇರವಾಗಿದೆಯಲ್ಲ, ಅಲ್ಲಿ ಎಷ್ಟು ಸಲ ನೋಡಿದರೂ ಅದು ಸರಿಯೇ.

ಈಗ ನನ್ನ ಜೊತೆ ಬರುವ ಅಸಿಸ್ಟೆಂಟ್‌ಗಳಿಗೆ ಕೊಡಲು ಬೆಣೆ ಬೇಕಿಲ್ಲ. ಫಾಲ್ಟ್ ಬಂದರೆ ಮೊದಲು ಹೊರಗೆ ನೋಡು ಅನ್ನುತ್ತೇನೆ: ತಿರುವೋ, ತಂತಿಯಲ್ಲಿ ಕರೆಂಟ್ ಇಲ್ಲದ ನ್ಯೂಟ್ರಲ್ ಸೆಕ್ಷನ್ ದಾಟಿದ ತಕ್ಷಣವೋ, ಮಳೆಯೋ, ಹಳಿ ಬದಲಾಗುವ ಪಾಯಿಂಟಿನ ಮೇಲೆ ಕುಲುಕಿತೋ. ಅದನ್ನು ಬರಿ. ಮೆಸೇಜನ್ನು ಇಂಜಿನ್ನೇ ನೆನಪಿಟ್ಟುಕೊಂಡಿರುತ್ತದೆ.