ಡ್ರಾಯರ್ ತುಂಬಾ ವೈರು: ಹಳೆ ಚಾರ್ಜರ್ ಸಾಗಹಾಕುವ ಸರಿಯಾದ ದಾರಿ

ಕಳೆದ ಆಯುಧ ಪೂಜೆಗೆ ಮನೆ ಕ್ಲೀನ್ ಮಾಡುವಾಗ ನಮ್ಮ ಭಾವ ಟಿವಿ ಕೆಳಗಿನ ಡ್ರಾಯರ್ ಎಳೆದು, ಅದರಲ್ಲಿದ್ದ ವೈರು, ಚಾರ್ಜರ್ ಎಲ್ಲವನ್ನೂ ಗಂಟು ಕಟ್ಟಿ ಗುಜರಿ ಗಾಡಿಗೆ ಹಾಕಿಬಿಟ್ಟರು. ನಾಲ್ಕು ದಿನ ಬಿಟ್ಟು ಹಳೆ ರೂಟರ್ ಬೇಕಾಯಿತು. ಅದರ ಅಡಾಪ್ಟರ್ ಗಂಟಿನ ಜೊತೆ ಹೋಗಿತ್ತು. ಪಿನ್ ಸರಿಯಾಗಿ ಕೂರುತ್ತದಲ್ಲ ಎಂದು ಸೆಟ್‌ಟಾಪ್ ಬಾಕ್ಸ್‌ನ ಅಡಾಪ್ಟರ್ ಚುಚ್ಚಿದರು. ರೂಟರ್‌ಗೆ ಬೇಕಿದ್ದದ್ದು 9 ವೋಲ್ಟ್, ಕೊಟ್ಟದ್ದು 12. ಹತ್ತು ನಿಮಿಷಕ್ಕೆ ಸುಟ್ಟ ವಾಸನೆ.

ಹಳೆ ವೈರು ಕೊಡುವುದು ಸುಲಭ. ಯಾವುದನ್ನು ಕೊಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎನ್ನುವಲ್ಲೇ ಎಲ್ಲರೂ ಎಡವುವುದು. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ, ಒಳ್ಳೆ ಬೆಳಕಿರುವಾಗ ಕೂತುಕೊಳ್ಳಿ.

ಮೊದಲು ಎಲ್ಲವನ್ನೂ ಚಾಪೆ ಮೇಲೆ ಸುರಿಯಿರಿ.

ಆಮೇಲೆ ಬ್ಯಾಟರಿ ಇರುವುದನ್ನೆಲ್ಲ ಹೆಕ್ಕಿ ಬೇರೆ ಇಡಿ. ಪವರ್ ಬ್ಯಾಂಕ್, ಟ್ರಿಮ್ಮರ್, ಬ್ಲೂಟೂತ್ ಇಯರ್‌ಫೋನ್, ಅದರ ಪುಟ್ಟ ಡಬ್ಬಿ, ಎಮರ್ಜೆನ್ಸಿ ಲೈಟು. ಇವುಗಳಲ್ಲಿ ಹೆಚ್ಚಿನವುಗಳ ಒಳಗಿರುವ ಲಿಥಿಯಂ ಬ್ಯಾಟರಿ ಕಸದ ಲಾರಿಯಲ್ಲಿ ಜಜ್ಜಿಹೋದರೆ ಬೆಂಕಿ ಹತ್ತಬಹುದು. ಪವರ್ ಬ್ಯಾಂಕ್ ಹಪ್ಪಳದ ಹಾಗೆ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಇನ್ನೊಮ್ಮೆ ಚಾರ್ಜ್ ಹಾಕಿ ನೋಡುವ ಆಸೆಯೂ ಬೇಡ. ಒಣ ಮರಳು ಹಾಕಿದ ತಗಡಿನ ಡಬ್ಬಿಯಲ್ಲಿಟ್ಟು, ಮನೆಯ ಹೊರಗೆ ನೆರಳಿನಲ್ಲಿಡಿ. ಬೇಗ ಸಾಗಹಾಕಿ.

ಈಗ ಅಡಾಪ್ಟರ್‌ಗಳು. ಇಲ್ಲಿ ಅವಸರ ಬೇಡ. ಪ್ರತಿಯೊಂದರ ಮೈಮೇಲೂ ಇರುವೆ ಗಾತ್ರದ ಅಕ್ಷರಗಳಿರುತ್ತವೆ. ಕಪ್ಪು ಪ್ಲಾಸ್ಟಿಕ್ ಮೇಲೆ ಬೂದು ಬಣ್ಣದಲ್ಲಿ ಬರೆದವನ ಕಣ್ಣು ಚೆನ್ನಾಗಿರಲಿ! ಟಾರ್ಚನ್ನು ನೇರ ಹಿಡಿಯದೆ ಓರೆಯಾಗಿ ಹಿಡಿದು, ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ. ಅಕ್ಷರ ಕೊರೆದಂತೆ ತಗ್ಗಾಗಿದ್ದರೆ ಚೂರು ವಿಭೂತಿ ಸವರಿ ಮೇಲಿಂದ ಒರೆಸಿ. ತಗ್ಗಿನಲ್ಲಿ ಬಿಳಿ ನಿಂತು ಓದಲು ಬರುತ್ತದೆ. ಸೀಮೆಸುಣ್ಣವೂ ನಡೆಯುತ್ತದೆ.

ಇನ್‌ಪುಟ್ ಸಾಲು ಬಿಡಿ, ಈಗಿನ ಬಹುಪಾಲು ಅಡಾಪ್ಟರ್‌ಗಳಲ್ಲಿ ಅದು 100ರಿಂದ 240 ವೋಲ್ಟ್ ಎಂದೇ ಇರುತ್ತದೆ. ನೋಡಬೇಕಾದ್ದು ಔಟ್‌ಪುಟ್ ಸಾಲು. ವೋಲ್ಟ್ ನಿಮ್ಮ ಉಪಕರಣದ ಮೇಲೆ ಬರೆದಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಇರಲಿ, ಜಾಸ್ತಿ ಇದ್ದರೂ ಪರವಾಗಿಲ್ಲ. ಕಡಿಮೆ ಇರಬಾರದು. ಪಕ್ಕದಲ್ಲಿ ಒಂದು ಗೆರೆ, ಅದರ ಕೆಳಗೆ ತುಂಡು ಗೆರೆಗಳಿದ್ದರೆ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು. ಅಲೆಯಂತಿದ್ದರೆ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟು. ಹಳೆ ಕಾರ್ಡ್‌ಲೆಸ್ ಫೋನುಗಳ ಕೆಲವು ಅಡಾಪ್ಟರ್ ಎಸಿ ಕೊಡುತ್ತವೆ, ಅದನ್ನು ಬೇರೆ ಯಾವುದಕ್ಕೂ ಹಾಕಬೇಡಿ. ಉರುಟು ಪಿನ್ ಇದ್ದರೆ ಪ್ಲಸ್ ಮೈನಸ್ ತೋರಿಸುವ ಪುಟ್ಟ ಚಿತ್ರವನ್ನೂ ಹೋಲಿಸಿ. ಪ್ಲಸ್ ಒಳಗೋ ಹೊರಗೋ ಎಂದು ಅದು ಹೇಳುತ್ತದೆ.

ಜೋಡಿ ಸಿಕ್ಕಿತೋ, ಕೂಡಲೇ ಬಿಳಿ ಟೇಪ್ ಅಂಟಿಸಿ ಮಾರ್ಕರ್‌ನಲ್ಲಿ ಬರೆಯಿರಿ: "ರೂಟರ್, 9 ವೋಲ್ಟ್". ನೆನಪಿರುತ್ತದೆ ಬಿಡಿ ಎನ್ನುವವರಿಗೆ ನಮ್ಮ ಭಾವನ ನಂಬರ್ ಕೊಡುತ್ತೇನೆ.

ಜೋಡಿ ಸಿಗದ್ದು, ಬಿರುಕು ಬಿಟ್ಟದ್ದು, ಚುಯ್ಯ್ ಎಂದು ಜೋರಾಗಿ ಸದ್ದು ಮಾಡುವುದು ಎಲ್ಲ ಹೊರಗೆ. ಫುಟ್‌ಪಾತ್‌ನಲ್ಲಿ ಕೊಂಡ ಹತ್ತಿಯಂತೆ ಹಗುರ ಇರುವ ಮೊಬೈಲ್ ಚಾರ್ಜರ್ ಕೆಲಸ ಮಾಡುತ್ತಿದ್ದರೂ ಹೊರಗೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಜೊತೆಗೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ನಂಬರ್ ಇಲ್ಲದ್ದನ್ನು ನಾನಂತೂ ಮನೆಯಲ್ಲಿಡುವುದಿಲ್ಲ. ಒಂದು ಮಾತು: ಒಳಗೇನಿದೆ ನೋಡೋಣ ಎಂದು ಚಾರ್ಜರ್ ಒಡೆಯಬೇಡಿ. ಪ್ಲಗ್ ಕಿತ್ತ ಮೇಲೂ, ಕರೆಂಟು ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಎಂಬ ಬಿಡಿಭಾಗ ಸ್ವಲ್ಪ ಹೊತ್ತು ಶಾಕ್ ಕೊಡಬಹುದು.

ಕೇಬಲ್‌ಗಳಿಗೆ ಇಷ್ಟು ತಲೆಬಿಸಿ ಇಲ್ಲ. ಮೊಬೈಲಿಗೆ ಹಾಕಿ ಲ್ಯಾಪ್‌ಟಾಪ್‌ಗೆ ಚುಚ್ಚಿ. ಚಾರ್ಜ್ ಆಗಿ ಫೈಲ್ ಮಾತ್ರ ಕಾಣದಿದ್ದರೆ ಅದು ಬರೀ ಚಾರ್ಜಿಂಗ್ ಕೇಬಲ್ ಇರಬಹುದು. ಕೆಟ್ಟಿದೆ ಎಂದು ಎಸೆಯುವ ಮೊದಲು ಇನ್ನೊಂದು ಫೋನಿಗೂ ಹಾಕಿ ನೋಡಿ. ಮೈಕ್ರೋ ಯುಎಸ್‌ಬಿ ಒಂದೆರಡು ಇಟ್ಟುಕೊಳ್ಳಿ, ಅಮ್ಮನ ಬಟನ್ ಫೋನಿಗೆ ಬೇಕಾಗುತ್ತದೆ. ಕುತ್ತಿಗೆ ಹತ್ತಿರ ಒಳಗಿನ ವೈರು ಕಾಣುತ್ತಿದ್ದರೆ ಟೇಪ್ ಸುತ್ತಿ ವರ್ಷಗಟ್ಟಲೆ ಎಳೆಯಬೇಡಿ.

ಕಟ್ಟಲು ರಬ್ಬರ್ ಬ್ಯಾಂಡ್ ಬೇಡವೇ ಬೇಡ. ಬೇಸಿಗೆಗೆ ಕರಗಿ ಅಂಟಿಕೊಳ್ಳುತ್ತದೆ. ಹಳೆ ಲುಂಗಿಯ ಅಂಚು ಹರಿದು ಕಟ್ಟಿ.

ಇನ್ನು ಯಾರಿಗೆ ಕೊಡುವುದು? ಮನೆ ವೈರಿಂಗ್‌ನ ದಪ್ಪ ತಾಮ್ರದ ವೈರಾದರೆ ಗುಜರಿಯವರಿಗೇ ಕೊಡಿ. ಅವರು ಚಾಕುವಿನಲ್ಲಿ ಸಿಪ್ಪೆ ಸುಲಿದು ತಾಮ್ರ ತೆಗೆಯುತ್ತಾರೆ. ತೊಂದರೆ ಇರುವುದು ಕೂದಲೆಳೆಯ ಮೊಬೈಲ್ ಕೇಬಲ್‌ನದ್ದು. ಅದನ್ನು ಕೈಯಲ್ಲಿ ಸುಲಿಯುತ್ತ ಕೂತರೆ ಯಾರಿಗೂ ಕೂಲಿ ಗಿಟ್ಟುವುದಿಲ್ಲ. ಹಾಗಾಗಿ ಕೊನೆಗೆ ಎಲ್ಲೋ ಖಾಲಿ ಸೈಟಿನಲ್ಲಿ ಸುಡುತ್ತಾರೆ. ವೈರಿನ ಸಿಪ್ಪೆಯ ಪಿವಿಸಿ ಪ್ಲಾಸ್ಟಿಕ್ ಸುಟ್ಟರೆ ಆಮ್ಲದ ಹೊಗೆ, ಡಯಾಕ್ಸಿನ್ ಎಂಬ ಘೋರ ವಿಷ ಎರಡೂ ಬರುತ್ತವೆ. ತಾಮ್ರ ಜೊತೆಗಿದ್ದರೆ ಡಯಾಕ್ಸಿನ್ ಇನ್ನೂ ಜಾಸ್ತಿ. ಆ ಹೊಗೆ ಮೊದಲು ಕುಡಿಯುವುದು ಸುಡುವವನೇ.

ಸರಿಯಾದ ಕಡೆ ಹೋದರೆ ಬೆಂಕಿಯೇ ಬೇಕಿಲ್ಲ. ಮಶೀನು ಕೇಬಲನ್ನು ಸಣ್ಣಗೆ ಕತ್ತರಿಸುತ್ತದೆ. ಆಮೇಲೆ ಕಣದಲ್ಲಿ ರಾಶಿ ತೂರಿದ ಹಾಗೆಯೇ: ಹಗುರ ಪ್ಲಾಸ್ಟಿಕ್ ಒಂದು ಕಡೆ, ತೂಕದ ತಾಮ್ರ ಒಂದು ಕಡೆ. ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಘಟಕ 2005ರಲ್ಲೇ ಇ-ತ್ಯಾಜ್ಯದ ಕೆಲಸ ಶುರು ಮಾಡಿತ್ತು. ಪರವಾನಗಿ ಪಡೆದವರ ಪಟ್ಟಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ, ತಯಾರಿಸಿದ ಕಂಪನಿಗೂ ಹಳೆ ಮಾಲನ್ನು ಮರುಬಳಕೆಗೆ ಕಳಿಸುವ ಹೊಣೆ ಇದೆ. ಹೊಸ ಫೋನ್ ಕೊಳ್ಳುವಾಗ ಅಂಗಡಿಯಲ್ಲಿ, ಇಲ್ಲವೇ ಸರ್ವಿಸ್ ಸೆಂಟರ್‌ನಲ್ಲಿ "ಹಳೆ ಚಾರ್ಜರ್ ತಗೋತೀರಾ?" ಎಂದು ಕೇಳಿ. ಬೆಂಗಳೂರಿನವರು ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರದಲ್ಲೂ ವಿಚಾರಿಸಿ. ಫೋನ್ ಕೊಡುವಾಗ ಫೋಟೋ, ಪಾಸ್‌ವರ್ಡ್ ಭಯ ಇರುತ್ತದೆ. ಚಾರ್ಜರ್‌ನಲ್ಲಿ ಅದೇನೂ ಇಲ್ಲ ಅಲ್ವಾ?

ಒಂದು ಚೀಲ ವೈರಿಗಾಗಿ ಮನೆ ಬಾಗಿಲಿಗೆ ಬರುವವರು ಸಿಗುವುದು ಕಷ್ಟ. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಲಿಫ್ಟ್ ಪಕ್ಕ ಒಂದು ರಟ್ಟಿನ ಬಾಕ್ಸ್ ಇಟ್ಟೆವು. ತುಂಬಿದಾಗ ಒಟ್ಟಿಗೆ ಕಳಿಸುತ್ತೇವೆ. ಬಾಕ್ಸ್ ಮೇಲೆ ದಪ್ಪಕ್ಷರದಲ್ಲಿ "ಬ್ಯಾಟರಿ ಇರುವುದು ಬೇಡ" ಎಂದು ಬರೆದಿದ್ದೆವು. ಮೊದಲ ವಾರವೇ ಯಾರೋ ಟ್ರಿಮ್ಮರ್ ಹಾಕಿದ್ದರು, ಮೀಸೆ ಕೂದಲ ಸಮೇತ.