ಮೂರರಿಂದ ಐದರ ಮಕ್ಕಳಿಗೆ ಆಟದಲ್ಲೇ ಕಲಿಕೆ: ಏನು ಕೊಡಬೇಕು, ಎಲ್ಲಿ ಸುಮ್ಮನಿರಬೇಕು

ಮಗು ಡಬ್ಬಿ ಮುಚ್ಚಳಗಳನ್ನು ಸಾಲಾಗಿ ಜೋಡಿಸುತ್ತಿರುತ್ತದೆ. ಪಕ್ಕದಲ್ಲಿ ಕೂತ ದೊಡ್ಡವರು ಶುರು ಮಾಡುತ್ತಾರೆ: ‘ಇದ್ಯಾವ ಬಣ್ಣ? ಎಷ್ಟಿದೆ ಹೇಳು? ಯಾವುದು ದೊಡ್ಡದು?’ ಮೂರನೇ ಪ್ರಶ್ನೆಗೆ ಮಗು ಎದ್ದು ಹೋಗುತ್ತದೆ. ಆಟದ ಹೆಸರಲ್ಲಿ ಪರೀಕ್ಷೆ ನಡೆಯುತ್ತಿದೆ ಅನ್ನುವುದು ಅದಕ್ಕೆ ಚೆನ್ನಾಗಿ ತಿಳಿಯುತ್ತದೆ. ದೊಡ್ಡವರ ಕೆಲಸ ಹೆಚ್ಚಾಗಿ ಆಟಕ್ಕೆ ಮೊದಲೇ ಮುಗಿದಿರಬೇಕು: ಸರಿಯಾದ ಸಾಮಾನು ಆರಿಸಿ ಎದುರಿಗಿಡುವುದು. ಆಮೇಲೆ ನೋಡುತ್ತಿರಿ. ಆಟ ತೀರಾ ಸಲೀಸಾಯಿತು ಅಥವಾ ಕೈಮೀರಿತು ಅನಿಸಿದಾಗ ಒಂದೇ ಒಂದು ಅಂಶ ಬದಲಿಸಿ. ಪ್ರಶ್ನೆ ಕೇಳಲೇಬೇಕಿದ್ದರೆ ಒಂದು ಕೇಳಿ, ಉತ್ತರಕ್ಕೆ ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ಹೆಚ್ಚಿನವರು ಎರಡು ಎಣಿಸುವಷ್ಟರಲ್ಲೇ ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ.

ಸಾಮಾನು

ಮರದ ಬ್ಲಾಕುಗಳು 30–40, ಐದು ಸೆಂಟಿಮೀಟರಿಗಿಂತ ಅಗಲದ ಡಬ್ಬಿ ಮುಚ್ಚಳಗಳು 15, ಬಟ್ಟೆ ಕ್ಲಿಪ್ಪುಗಳು 10, ತುದಿ ಮೊಂಡಾದ ಕತ್ತರಿ ಒಂದು, ಕ್ರೇಯಾನ್, ಖಾಲಿ ರಟ್ಟಿನ ಪೆಟ್ಟಿಗೆಗಳು. ಇಷ್ಟರಲ್ಲಿ ತಿಂಗಳುಗಟ್ಟಲೆ ಆಡಬಹುದು. ಎಲ್ಲವನ್ನೂ ಒಟ್ಟಿಗೆ ಹರಡಬೇಡಿ. ಕೈಗೆಟಕುವಂತೆ ಮೂರ್ನಾಲ್ಕು ಬಗೆ ಇಟ್ಟು ಉಳಿದದ್ದನ್ನು ಎತ್ತಿಡಿ, ಎರಡು ವಾರಕ್ಕೊಮ್ಮೆ ಅದಲುಬದಲು ಮಾಡಿ.

ಮನೆಯಲ್ಲಿ ಮೂರು ವರ್ಷದೊಳಗಿನ ಇನ್ನೊಂದು ಮಗುವಿದ್ದರೆ ಟಿಶ್ಯೂ ರೋಲಿನ ಒಳಗಿನ ರಟ್ಟಿನ ಕೊಳವೆಯೇ ನಿಮ್ಮ ಅಳತೆಗೋಲು. ಅದರೊಳಗೆ ಹಾಯ್ದು ಹೋಗುವುದು ಗಂಟಲಲ್ಲೂ ಸಿಕ್ಕಿಕೊಳ್ಳಬಹುದು. ಗುಂಡಿ ಬ್ಯಾಟರಿ ಮತ್ತು ಚಿಕ್ಕ ಅಯಸ್ಕಾಂತಗಳು ಐದರ ಮಗುವಿಗೂ ಬೇಡ. ನೀರಾಟವಾದರೆ ಕೈಚಾಚಿದರೆ ಮಗು ಸಿಗುವಷ್ಟು ಹತ್ತಿರವೇ ಇರಬೇಕು, ಫೋನ್ ಬಂದರೂ ಎದ್ದು ಹೋಗುವಂತಿಲ್ಲ. ಐದು ಸೆಂಟಿಮೀಟರ್ ನೀರಿದ್ದರೂ ಅಪಾಯವೇ.

ಎಣಿಕೆ: ಬಾಯಿಪಾಠ ಬೇರೆ, ಲೆಕ್ಕ ಬೇರೆ

ಇಪ್ಪತ್ತರವರೆಗೆ ಸಲೀಸಾಗಿ ಹೇಳುವ ಮೂರೂವರೆಯ ಮಗುವಿನ ಮುಂದೆ ಹತ್ತು ಮುಚ್ಚಳ ರಾಶಿ ಹಾಕಿ, ‘ನಂಗೆ ನಾಲ್ಕು ಕೊಡು ಪುಟ್ಟ’ ಅನ್ನಿ. ಎಷ್ಟೋ ಮಕ್ಕಳು ಕೈಗೆ ಬಂದಷ್ಟನ್ನು ಬಾಚಿ ಕೊಡುತ್ತವೆ. ಇನ್ನು ಕೆಲವು ಒಂದೊಂದನ್ನೇ ಮುಟ್ಟಿ ಐದನ್ನು ಸರಿಯಾಗಿ ಎಣಿಸುತ್ತವೆ, ‘ಹಾಗಾದರೆ ಎಷ್ಟಿದೆ?’ ಅಂದ ಕೂಡಲೇ ಮತ್ತೆ ಒಂದರಿಂದ ಶುರು. ಕೊನೆಗೆ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಮೊತ್ತ ಅನ್ನುವ ತಿಳಿವಳಿಕೆ ಇನ್ನೂ ಬಂದಿಲ್ಲ, ಅಷ್ಟೇ. ಒಂದು, ಎರಡು, ಮೂರು, ನಾಲ್ಕು ಇವುಗಳ ಅರ್ಥವನ್ನು ಮಕ್ಕಳು ಒಂದಾದ ಮೇಲೊಂದು, ನಡುನಡುವೆ ತಿಂಗಳುಗಳ ಅಂತರದಲ್ಲಿ ದಕ್ಕಿಸಿಕೊಳ್ಳುತ್ತಾರೆ. ನೂರರವರೆಗೆ ಬಾಯಿಪಾಠ ಮಾಡಿಸುವುದರಿಂದ ಈ ದಾರಿ ಹತ್ತಿರವಾಗುವುದಿಲ್ಲ.

ಹೀಗೆ ಆಡಿಸಿ. ಮೊದಲು ಮೊತ್ತ ಹೇಳಿ, ಆಮೇಲೆ ಎಣಿಸಿ: ‘ಇಲ್ಲಿ ಮೂರು ಮುಚ್ಚಳ ಇವೆ. ಒಂದು, ಎರಡು, ಮೂರು.’ ಒಂದೊಂದು ಸಂಖ್ಯೆ ಹೇಳುವಾಗಲೂ ಒಂದು ಮುಚ್ಚಳವನ್ನು ಎತ್ತಿ ಪಕ್ಕಕ್ಕೆ ಸರಿಸಿ. ಬರೀ ಬೆರಳು ತೋರಿಸಿದರೆ ಬಾಯಿ ಬೆರಳಿಗಿಂತ ಮುಂದೆ ಓಡುತ್ತದೆ, ಎರಡೆರಡು ಸಲ ಎಣಿಸಿದ್ದೂ ಗೊತ್ತಾಗುವುದಿಲ್ಲ. ಮೂರು ಸರಿಯಾಗಿ ಕೊಡಲು ಬಂದರೆ ಮಾತ್ರ ನಾಲ್ಕು ಕೇಳಿ. ಮುಚ್ಚಳ ಸಾಕಾದಾಗ ಕೆಲಸ ಕೊಡಿ: ಊಟಕ್ಕೆ ಕೂರುವ ಪ್ರತಿಯೊಬ್ಬರಿಗೂ ಒಂದೊಂದು ಲೋಟ ಇಡುವುದು. ಲೋಟ ಸಾಲದೆ ಬಂದಾಗ ‘ಇನ್ನೊಂದು ಬೇಕು’ ಎಂದು ಮಗುವೇ ಹೇಳಬೇಕು. ನೀವು ಹೇಳಿಬಿಟ್ಟರೆ ಲೆಕ್ಕ ಮಾಡಿದ್ದು ನೀವು.

ದಾಳದಾಟಕ್ಕೆ 1, 2, 3 ಚುಕ್ಕೆಗಳು ಎರಡೆರಡು ಮುಖದಲ್ಲಿ ಬರುವಂತೆ ಮನೆಯಲ್ಲೇ ರಟ್ಟಿನ ದಾಳ ಮಾಡಿ. ಆರು ಚುಕ್ಕೆಯ ದಾಳ ಕೊಟ್ಟರೆ ಮೂರೂವರೆಯ ಮಗು ಎಣಿಸುವುದರಲ್ಲೇ ಸುಸ್ತಾಗಿ ಆಟ ಮರೆಯುತ್ತದೆ.

ಕೈ ತಯಾರಾಗುವ ಮೊದಲು ಅಕ್ಷರ ತಿದ್ದಿಸಬೇಡಿ

ವೃತ್ತ ನೋಡಿ ಬರೆಯುವುದು ಸುಮಾರು ಮೂರಕ್ಕೆ ಬರುತ್ತದೆ, ಕೂಡಿಸುವ ಚಿಹ್ನೆಯಂಥ ಅಡ್ಡ-ಉದ್ದ ಗೆರೆ ನಾಲ್ಕರ ಹೊತ್ತಿಗೆ, ಚೌಕ ಅದರ ನಂತರ, ತ್ರಿಕೋನ ಐದರ ಸುಮಾರಿಗೆ. ಕೆಲವು ತಿಂಗಳು ಹಿಂದುಮುಂದಾಗುವುದು ಸಹಜ. ಕನ್ನಡದ ಅಕ್ಷರಗಳು ಬಹುಪಾಲು ದುಂಡು. ವೃತ್ತದ ಎರಡು ತುದಿ ಕೂಡಿಸಲು ಬಾರದ ಕೈಯಲ್ಲಿ ‘ಅ’ ತಿದ್ದಿಸಿದರೆ ಮಗು ಕಲಿಯುವುದು ಪೆನ್ಸಿಲನ್ನು ಅದುಮಿ ಹಿಡಿಯುವುದನ್ನು. ಆ ಹಿಡಿತ ಆಮೇಲೆ ಸುಲಭಕ್ಕೆ ಬಿಡುವುದಿಲ್ಲ. ಅದರ ಬದಲು ಹಿಟ್ಟಿನ ಮುದ್ದೆ ಕೊಡಿ.

ಅಳತೆ: ಮೈದಾ ಎರಡು ಬಟ್ಟಲು, ಪುಡಿ ಉಪ್ಪು ಒಂದು ಬಟ್ಟಲು, ಎಣ್ಣೆ ಎರಡು ದೊಡ್ಡ ಚಮಚ, ಬೆಚ್ಚಗಿನ ನೀರು ಮುಕ್ಕಾಲರಿಂದ ಒಂದು ಬಟ್ಟಲು. ಮೊದಲು ಹಿಟ್ಟು, ಉಪ್ಪು ಬೆರೆಸಿ, ಎಣ್ಣೆ ಹಾಕಿ, ನೀರನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತಾ ಐದು ನಿಮಿಷ ನಾದಿ. ಬೆರಳಿಗೆ ಅಂಟಿದರೆ ಒಂದು ಚಮಚ ಹಿಟ್ಟು, ಬಿರುಕು ಬಿಟ್ಟರೆ ಕೆಲವು ಹನಿ ನೀರು. ಒಂದೇ ಸಲ ನೀರು ಸುರಿದವರ ಮುದ್ದೆ ಯಾವತ್ತೂ ಹದಕ್ಕೆ ಬರುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ, ಫ್ರಿಜ್ಜಿನಲ್ಲಿಟ್ಟರೆ ಸುಮಾರು ಒಂದು ವಾರ ಬರುತ್ತದೆ. ವಾಸನೆ ಬಂದರೆ ಬಿಸಾಡಿ. ಉಪ್ಪು ಇಷ್ಟಿರುವುದರಿಂದ ತಿನ್ನಲು ಬಿಡಬಾರದು. ಎಲ್ಲವನ್ನೂ ಬಾಯಿಗಿಡುವ ಮಗುವಿಗೂ, ಗೋಧಿ ಒಗ್ಗದ ಮಗುವಿಗೂ ಇದು ಬೇಡ. ಕೈಮೇಲೆ ಗಾಯವಿದ್ದರೆ ಉರಿಯುತ್ತದೆ.

ಮುದ್ದೆಯ ಜೊತೆ ಅಚ್ಚುಗಳನ್ನು ಕೊಡದಿದ್ದರೇ ಒಳ್ಳೆಯದು. ಅಚ್ಚು ಇದ್ದರೆ ಮಗು ಒತ್ತುತ್ತದೆ, ತೆಗೆಯುತ್ತದೆ, ಮುಗಿಯಿತು. ಇಲ್ಲದಿದ್ದರೆ ಉರುಟಿಸುತ್ತದೆ, ಚಿವುಟುತ್ತದೆ, ಎಳೆಯುತ್ತದೆ. ಬೆರಳಿಗೆ ಬಲ ಬರುವುದು ಅದರಿಂದ.

ಕ್ರೇಯಾನನ್ನು ಎರಡು ಮೂರು ಸೆಂಟಿಮೀಟರ್ ತುಂಡುಗಳಾಗಿ ಮುರಿದು ಕೊಡಿ. ತುಂಡು ಚಿಕ್ಕದಾದರೆ ಮುಷ್ಟಿಯಲ್ಲಿ ಹಿಡಿಯಲು ಆಗುವುದೇ ಇಲ್ಲ, ಬೆರಳ ತುದಿಯಲ್ಲೇ ಹಿಡಿಯಬೇಕು. ಹೀಗಿರುವಾಗ ‘ಹೀಗೆ ಹಿಡಿ, ಹಾಗೆ ಹಿಡಿ’ ಎಂದು ಹೇಳುವ ಅಗತ್ಯ ಬೀಳುವುದಿಲ್ಲ. ಕಾಗದವನ್ನು ಗೋಡೆಗೆ ಅಂಟಿಸಿ ನಿಂತು ಬರೆಯಲು ಬಿಟ್ಟರೆ ಭುಜ, ಮಣಿಕಟ್ಟು ಎರಡಕ್ಕೂ ಕೆಲಸ.

ಕತ್ತರಿಗೆ ತೆಳು ಕಾಗದ ಕೊಡುವುದು ಸಾಮಾನ್ಯ ತಪ್ಪು. ಅದು ಅಲಗುಗಳ ನಡುವೆ ಮಡಚಿಕೊಳ್ಳುತ್ತದೆ, ಮಗು ಕೈಚೆಲ್ಲುತ್ತದೆ. ಆಮಂತ್ರಣ ಪತ್ರಿಕೆಯಷ್ಟು ದಪ್ಪದ ಕಾಗದವನ್ನು ಎರಡು ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಕತ್ತರಿಸಿಡಿ. ಒಂದೇ ಸಲಕ್ಕೆ ‘ಕಚಕ್’ ಎಂದು ತುಂಡಾಗಬೇಕು. ಹೆಬ್ಬೆರಳು ಮೇಲಕ್ಕೆ ಬರುವಂತೆ ಉಗುರಿನ ಮೇಲೆ ಒಂದು ಚುಕ್ಕೆ ಇಡಿ, ಕತ್ತರಿಸುವಾಗ ಆ ಚುಕ್ಕೆ ಮಗುವಿಗೆ ಕಾಣುತ್ತಿರಬೇಕು. ಇದು ಪಳಗಿದ ಮೇಲೆ ನೇರ ಗೆರೆ, ಆಮೇಲೆ ಬಾಗಿದ ಗೆರೆ. ಎಡಗೈ ಮಗುವಿಗೆ ಎಡಗೈ ಕತ್ತರಿಯೇ ಬೇಕು, ಬಲಗೈಯದರಲ್ಲಿ ಕತ್ತರಿಸುವ ಗೆರೆ ಅಲಗಿನ ಹಿಂದೆ ಮರೆಯಾಗುತ್ತದೆ.

ಕಿವಿಗೆ ಆಟ

ಓದಿಗೆ ಮೊದಲ ಮೆಟ್ಟಿಲು ಶಬ್ದವನ್ನು ಬಿಡಿಸಿ ಕೇಳುವುದು. ಮ-ನೆ ಎರಡು ಚಪ್ಪಾಳೆ, ಕಿ-ಟ-ಕಿ ಮೂರು. ಮನೆಯವರ ಹೆಸರುಗಳಿಂದ ಶುರು ಮಾಡಿದರೆ ಬೇಗ ಹಿಡಿಸುತ್ತದೆ. ಮುಂದಿನದು, ಒಂದೇ ಅಕ್ಷರದಿಂದ ಶುರುವಾಗುವ ಪದಗಳು: ಮನೆ, ಮಳೆ, ಮರ. ಇಲ್ಲಿ ‘ಮೀನು’ ಸೇರಿಸಬೇಡಿ. ಅಕ್ಷರ ಬಲ್ಲ ನಮಗೆ ಎರಡೂ ‘ಮ’ಕಾರವೇ, ಮಗುವಿನ ಕಿವಿಗೆ ‘ಮ’ ಬೇರೆ, ‘ಮೀ’ ಬೇರೆ. ಐದರ ಹತ್ತಿರ ಬಂದವರಿಗೆ ಅಕ್ಷರ ಬಿಡುವ ಆಟ: ‘ಕಿಟಕಿಯಲ್ಲಿ ಮೊದಲ ಕಿ ಹಾರಿಹೋದರೆ?’ ‘ಟಕಿ!’ ಅರ್ಥವಿಲ್ಲದ ಪದ ಬಂದಷ್ಟೂ ನಗು ಜಾಸ್ತಿ.

ವಿಂಗಡಿಸುವುದು, ನಿಲ್ಲುವುದು

ಕೆಂಪು, ನೀಲಿ ಬಣ್ಣದ ಚೌಕ, ವೃತ್ತಗಳನ್ನು ಮೂರರ ಮಗು ಬಣ್ಣ ನೋಡಿ ಎರಡು ಡಬ್ಬಿಗೆ ಹಾಕುತ್ತದೆ. ‘ಈಗ ಆಕಾರ ನೋಡಿ ಹಾಕೋಣ’ ಅಂದರೂ ಬಣ್ಣ ನೋಡಿಯೇ ಹಾಕುತ್ತಿರುತ್ತದೆ. ಹಠವೆಂದು ಗದರಬೇಡಿ, ಹಳೆಯ ನಿಯಮ ಬಿಟ್ಟು ಹೊಸದಕ್ಕೆ ಹೊರಳುವ ಶಕ್ತಿ ಹೆಚ್ಚಿನವರಿಗೆ ನಾಲ್ಕು ದಾಟಿದ ಮೇಲೇ ಬರುವುದು. ಅಲ್ಲಿಯವರೆಗೆ ಒಂದು ಹೊತ್ತಿಗೆ ಒಂದೇ ನಿಯಮ ಸಾಕು. ಹಾಡು ನಿಂತಾಗ ಕಲ್ಲಾಗಿ ನಿಲ್ಲುವ ಆಟವನ್ನು ಮೂರರಲ್ಲೇ ಆಡಬಹುದು. ಜೋರು ತಾಳಕ್ಕೆ ನಿಧಾನ, ಮೆಲು ತಾಳಕ್ಕೆ ಜೋರು ಹೆಜ್ಜೆ ಎಂಬ ಉಲ್ಟಾ ನಿಯಮವನ್ನು ನಾಲ್ಕೂವರೆಗೆ ಇಟ್ಟುಕೊಳ್ಳಿ. ಸೋತವರನ್ನು ಹೊರಗೆ ಕೂರಿಸಬೇಡಿ. ನಿಲ್ಲಲು ಬಾರದ ಮಗುವೇ ಮೊದಲು ಹೊರಗೆ ಹೋಗುತ್ತದೆ, ಅಭ್ಯಾಸ ಬೇಕಾದದ್ದೂ ಅದಕ್ಕೇ.

ಎಷ್ಟು ಹೊತ್ತು?

ಕೂತು ಆಡುವ ಆಟಕ್ಕಿಂತ ಓಡಾಟ ಹೆಚ್ಚಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಮೂರು-ನಾಲ್ಕು ವರ್ಷದವರಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಮೈ ಚಟುವಟಿಕೆ ಬೇಕೆನ್ನುತ್ತದೆ. ಅದರಲ್ಲಿ ಕನಿಷ್ಠ 60 ನಿಮಿಷ ಮಧ್ಯಮದಿಂದ ಜೋರಿನ ಮಟ್ಟದ್ದು. ಕೂತು ಪರದೆ ನೋಡುವುದು ಒಂದು ಗಂಟೆ ಮೀರಬಾರದು, ನಿದ್ದೆ 10ರಿಂದ 13 ಗಂಟೆ. ಮುದ್ದೆ, ಕತ್ತರಿ, ಎಣಿಕೆಯಂಥವು ಮಗು ಎದ್ದಾಗ ಮುಗಿಯಿತು. ಐದು ನಿಮಿಷಕ್ಕೆ ಎದ್ದರೂ ಸರಿ. ಆದರೆ ಮುಳುಗಿ ಆಡುತ್ತಿದ್ದರೆ ಥಟ್ಟನೆ ನಿಲ್ಲಿಸಬೇಡಿ, ‘ಇನ್ನು ಮೂರು ಬ್ಲಾಕ್ ಇಟ್ಟು ಹೊರಡೋಣ’ ಅನ್ನಿ. ‘ಐದು ನಿಮಿಷ’ ಅಂದರೆ ಈ ವಯಸ್ಸಿಗೆ ಏನೂ ಅರ್ಥವಾಗುವುದಿಲ್ಲ, ಮೂರು ಬ್ಲಾಕ್ ಕಣ್ಣಿಗೆ ಕಾಣುತ್ತದೆ.

ಚಪ್ಪಾಳೆ ಆಟ, ಹಾಡಿನ ಆಟಗಳಲ್ಲಿ ಮಾತ್ರ ಮಗು ಸದಾ ಹಿಂದೆ ಬೀಳುತ್ತಿದ್ದರೆ, ಬೆನ್ನ ಹಿಂದಿನಿಂದ ಕರೆದಾಗ ತಿರುಗದಿದ್ದರೆ, ಆಟ ಬದಲಿಸುವ ಮೊದಲು ಕಿವಿ ಪರೀಕ್ಷೆ ಮಾಡಿಸಿ.